ನೆಟ್ಟಗೆ ನಿಂತ ನಂಬರು

ಎಮ್ಯಾನುವೆಲ್ ಮಿನೇಜಸ್ ಓಡುವ ಬಸ್ಸಿನ ಹೊಟ್ಟೆಯ ಕೆಳಗೆ ಬಾವಲಿಯ ಹಾಗೆ ನೇತುಬಿದ್ದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬಸ್ಸು ಉಡುಪಿ ಬಿಟ್ಟು ಕಾರ್ಕಳ ಮುಟ್ಟುವಷ್ಟರಲ್ಲಿ ಅದರ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದವನು. ಬಸ್ಸು ನಿಲ್ಲಲಿಲ್ಲ. ಕಂಡಕ್ಟರು ಟಿಕೆಟ್ ಹರಿಯುವುದನ್ನೂ ನಿಲ್ಲಿಸಲಿಲ್ಲ. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಮುದುಕಿಯೊಬ್ಬಳು ಕಣ್ಣು ಬಿಟ್ಟು, "ಇವತ್ತು ಬಸ್ಸು ಎಂತ ಇಷ್ಟು ಮೆತ್ತಗೆ ಹೋಗ್ತದೆ?" ಎಂದು ಕೇಳಿ ಮತ್ತೆ ಮಲಗಿದಳಂತೆ.

ಈ ಸಂಗತಿಯನ್ನು ಕೇಳದ ಕಿವಿ ಇಂಗ್ಲಿಷರ ನಾಡಿನ ಈ ಗ್ರೀನ್‌ಫರ್ಡಿನಲ್ಲಿಲ್ಲ. ಎಮ್ಯಾನುವೆಲ್ ಇಲ್ಲಿನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸಲು ಹಿಡಿದು ಇಪ್ಪತ್ತೆರಡು ವರ್ಷವಾಯಿತು. ಅಷ್ಟರಲ್ಲಿ ಅವನು ಎತ್ತಿ ಇಳಿಸಿದ ಬಿಸ್ಕೆಟ್ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟರೆ ಚಂದ್ರನ ಮೇಲೆ ಹೋಗಿ, ಅಲ್ಲಿ ಚಹಾ ಕುಡಿದು, ಸುಸ್ತಾಗದೆ ವಾಪಸು ಬರಬಹುದು. ವಯಸ್ಸು ಐವತ್ತೆಂಟು, ಹುಟ್ಟೂರು ಉಡುಪಿ ಕಡೆಯ ಶಿರ್ವ, ಮನೆಮಾತು ಕೊಂಕಣಿ; ಬಡಾಯಿಗೆ ಮಾತ್ರ ಯಾವ ಭಾಷೆಯಾದರೂ ಆದೀತು. ಒಂದು ಕಡೆ ಕೂರುವ ಜಾಯಮಾನ ಅವನದಲ್ಲ. ಕೂತರೆ ಮೊಣಕಾಲು ಕುಣಿಯುತ್ತದೆ, ಮೊಣಕಾಲನ್ನು ಒತ್ತಿ ಹಿಡಿದರೆ ಬೆರಳು ಮೇಜು ಬಡಿಯುತ್ತದೆ. ಇಗರ್ಜಿಯಲ್ಲಿ ಪಾದ್ರಿಗಳ ಪ್ರವಚನ ನಡೆಯುವಾಗ ಅವನು ಮುಂದಿನ ಬೆಂಚಿನ ಸಡಿಲ ಸ್ಕ್ರೂವನ್ನು ಉಗುರಿನಲ್ಲೇ ಬಿಗಿ ಮಾಡಿದ್ದನ್ನು ಹೆಂಡತಿ ಕ್ಲೋಟಿಲ್ಡಾ ಕಣ್ಣಾರೆ ಕಂಡಿದ್ದಾಳೆ. ಅವನ ಬಗ್ಗೆ ಇರುವ ಕತೆಗಳಲ್ಲಿ ಸಾಕ್ಷಿ ಇರುವುದು ಅದೊಂದಕ್ಕೇ.

ಇಂಥವನ ಕೈಗೆ ಕಾರು ಕೊಟ್ಟವರು ಡಾಕ್ಟರ್ ಸತ್ಯಪ್ರಕಾಶ. ಧಾರವಾಡದ ಈ ಡಾಕ್ಟರು ಮೂವತ್ತು ವರ್ಷ ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಜನರಿಗೆ ನಿದ್ದೆ ಬರಿಸಿ, ಈಗ ನಿವೃತ್ತರಾಗಿ ಎಜ್‌ವೇರಿನಲ್ಲಿದ್ದಾರೆ. ಕನ್ನಡ ಬಳಗದ ದೀಪಾವಳಿ ಊಟದಲ್ಲಿ ಬಸ್ಸಿನ ಕತೆ ಕೇಳಿ ಇಡೀ ಸಭಾಂಗಣ ನಕ್ಕಾಗ ನಗದೆ ಉಳಿದವರು ಅವರೊಬ್ಬರೇ.

"ಬಸ್ಸು ಓಡ್ತಿತ್ತು ಅನ್ನೂದೊಂದು ಬಿಡು," ಎಂದಿದ್ದರು ಅವರು, ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದು. "ಉಳದದ್ದನ್ನ ನಂಬ್ತೀನಪಾ. ದೊಡ್ಡ ಮೆಕ್ಯಾನಿಕ್ ಇದ್ದೀ ನೀ. ಕೈ ನೋಡಿದ್ರ ಗೊತ್ತಾಗತದ."

ಅರ್ಧದಷ್ಟಾದರೂ ನಂಬಿದ ಮನುಷ್ಯ ಎಮ್ಯಾನುವೆಲ್ಲನಿಗೆ ಆಯುಷ್ಯದಲ್ಲಿ ಸಿಕ್ಕಿದ್ದು ಅದೇ ಮೊದಲು. ಆ ದಿನ ಅವನು ಹೋಳಿಗೆಯನ್ನೂ ಮರೆತು ಮನೆಗೆ ಬಂದ.

ಡಾಕ್ಟರು ಎಜ್‌ವೇರಿನ ಮನೆ ಕೊಂಡಾಗ ಅದರ ಗ್ಯಾರೇಜಿನಲ್ಲಿ ೧೯೫೩ರ ಒಂದು ಫೋರ್ಡ್ ಕಾರು ತುಕ್ಕು ಹಿಡಿದು ನಿಂತಿತ್ತು. ಮನೆ ಮಾರಿದ ವಿಧವೆ ಮುದುಕಿ ಅದರ ಹಳೆಯ ಲಾಗ್ ಬುಕ್ಕನ್ನು, ಅಂದರೆ ನೋಂದಣಿ ಪುಸ್ತಕವನ್ನು, ಡಾಕ್ಟರ ಕೈಗಿಟ್ಟು, ಗಂಡನ ಕಾರನ್ನು ಗುಜರಿಗೆ ಮಾತ್ರ ಹಾಕಬೇಡಿ ಎಂದು ಕೇಳಿಕೊಂಡಿದ್ದಳು. ಹದಿನೆಂಟು ವರ್ಷ ಡಾಕ್ಟರು ಅದರ ಧೂಳನ್ನೂ ಒರೆಸದೆ ಮಾತು ಉಳಿಸಿಕೊಂಡರು. ಆಮೇಲೆ ಎಮ್ಯಾನುವೆಲ್ಲನಿಗೆ ಪುಕ್ಕಟೆ ಕೊಟ್ಟರು. ಒಂದೇ ಕರಾರು: ಏನು ಬೇಕಾದರೂ ಮಾಡು, ಆದರೆ ರಸ್ತೆಗೆ ಇಳಿಯುವಾಗ ಗಾಡಿ ತನ್ನ ಹಳೆಯ ನೋಂದಣಿ ನಂಬರಿನಲ್ಲೇ ಇಳಿಯಬೇಕು.

ಎಮ್ಯಾನುವೆಲ್ ಅದನ್ನು ಹಾಟ್ ರಾಡ್ ಮಾಡಿದ. ಹಳೆ ಕಾರಿನ ನೆತ್ತಿ ಕತ್ತರಿಸಿ ಮೂರಂಗುಲ ತಗ್ಗಿಸಿ, ಹಿಂದೆ ಅಗಲದ ಟೈರು ಹಾಕಿ, ಮುಂದೆ ಹುಲಿಯಂಥ ಎಂಜಿನ್ನು ಕೂರಿಸಿದರೆ ಆಗುವ ಗಾಡಿ ಅದು. ಮನೆಯ ಹಿಂದಿನ ಗ್ಯಾರೇಜಿನಲ್ಲಿ ನಾಲ್ಕು ವರ್ಷ ಕೆಲಸ ನಡೆಯಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಕ್ಲೋಟಿಲ್ಡಾಳ ತಮ್ಮ ಓಸ್ವಿನ್ ಶನಿವಾರಗಳಂದು ಬಂದು ಹೋಗುತ್ತಿದ್ದ. ಕೊನೆಗೆ ಮಾವಿನ ಹಣ್ಣಿನ ಬಣ್ಣ ಬಳಿದು ಮೊದಲ ಸಲ ಸ್ಟಾರ್ಟ್ ಮಾಡಿದಾಗ ನೆಲ ನಡುಗಿ, ಹೀಥ್ರೋದಲ್ಲಿ ಇಳಿಯಬೇಕಿದ್ದ ಎರಡು ವಿಮಾನ ಹೆದರಿ ಇನ್ನೊಂದು ಸುತ್ತು ಹಾಕಿದವು.

ಗಾಡಿಯನ್ನು ರಸ್ತೆಗೆ ಇಳಿಸುವ ಒಪ್ಪಿಗೆಯ ಕಾಗದ ಇನ್ನೂ ಬಂದಿರಲಿಲ್ಲ, ಮಾತು ಮಾತ್ರ ಎರಡೂ ಕಡೆ ಹೋಗಿಯಾಗಿತ್ತು. ಸೆಪ್ಟೆಂಬರಿನಲ್ಲಿ ಕೊಂಕಣಿ ಕ್ರೈಸ್ತರ ತೆನೆಹಬ್ಬವಾದ ಮೊಂತಿ ಹಬ್ಬಕ್ಕೆ ಮೆರವಣಿಗೆಯ ಮುಂದೆ ತನ್ನ ಕಾರು ಎಂದು ಕೊಂಕಣಿ ಸಂಘಕ್ಕೂ, ನವೆಂಬರಿನ ರಾಜ್ಯೋತ್ಸವಕ್ಕೆ ಬಾವುಟ ತನ್ನ ಕಾರಿನಲ್ಲಿ ಎಂದು ಕನ್ನಡ ಬಳಗಕ್ಕೂ ಅವನು ಹೇಳಿಬಿಟ್ಟಿದ್ದ.

*

ಜೂನ್ ತಿಂಗಳ ಒಂದು ಭಾನುವಾರ ಡಾಕ್ಟರು ನೋಂದಣಿ ಕಚೇರಿಯ ನಿಯಮಗಳ ಕಾಗದ ಹಿಡಿದು ಗ್ರೀನ್‌ಫರ್ಡಿನ ಅಡುಗೆಮನೆಯಲ್ಲಿ ಕೂತರು. ಕ್ಲೋಟಿಲ್ಡಾ ಒಲೆಯ ಮುಂದೆ ನೀರುದೋಸೆ ಹೊಯ್ಯುತ್ತಿದ್ದಳು. ಮೇಜಿನ ಕೆಳಗೆ ಎಮ್ಯಾನುವೆಲ್ಲನ ಮೊಣಕಾಲು ಕುಣಿಯುತ್ತಿತ್ತು. ಚಹಾದ ಲೋಟಗಳು ತಾಳ ಹಾಕುತ್ತಿದ್ದವು.

"ಲೆಕ್ಕ ಹಿಂಗದ ನೋಡಪಾ," ಎಂದರು ಡಾಕ್ಟರು. "ಗಾಡೀ ಚೌಕಟ್ಟು, ಅಂದ್ರ ಚಾಸಿ, ಮೂಲದ್ದಿದ್ದು, ಎಲ್ಲೂ ಕತ್ತರಿಸಿರಬಾರದು. ಅದಕ್ಕ ಐದು ಅಂಕ. ಸ್ಟಿಯರಿಂಗ್ ಹಳೇದದ, ಎರಡು. ಸಸ್ಪೆನ್ಷನ್ನೂ ಹಳೇದು, ಎರಡು. ಒಂಬತ್ತಾತು. ಎಂಟು ಬಂದ್ರ ಸಾಕು, ಗಾಡಿ ತನ್ನ ಹಳೆ ಗುರುತು ಉಳಿಸಿಕೋತದ."

"ಎಂಟಾ? ನಮ್ಮದಕ್ಕೆ ಹದಿನೆಂಟು ಕೊಡ್ತಾರೆ ಡಾಕ್ಟ್ರೇ. ಹೆಚ್ಚಾದದ್ದನ್ನು ಪಕ್ಕದ ಮನೆಯವರ ಕಾರಿಗೆ ಹಂಚುವ."

"ಮೊದಲ ಪೂರ್ತಿ ಕೇಳು. ಗುರುತು ಉಳೀಲಿಲ್ಲಂದ್ರ ಕ್ಯೂ ಪ್ಲೇಟ್ ಕೊಡ್ತಾರ. ಕ್ಯೂ ಅಂದ್ರ ಈ ಗಾಡಿ ಎಲ್ಲಿಂದ ಬಂತು, ಯಾವಾಗ ಹುಟ್ಟಿತು, ಯಾರಿಗೂ ಗೊತ್ತಿಲ್ಲ ಅಂತ. ಅದಕ್ಕಿಂತ ಮೊದಲ ಹೊಸ ಗಾಡಿ ಹಂಗ ದೊಡ್ಡ ಪರೀಕ್ಷಾ ಬ್ಯಾರೆ."

ಆ ಪರೀಕ್ಷೆಯ ವಿಷಯವನ್ನು ಓಸ್ವಿನ್ ಮೊದಲೇ ಹೇಳಿದ್ದ. ಅದರ ಅಳತೆಗಳ ಮುಂದೆ ಈ ಕಾರಿನ ಚೂಪು ಅಂಚುಗಳು, ಹೊರಗೆ ಚಾಚಿದ ಟೈರುಗಳು, ಬಾನೆಟ್ಟಿಲ್ಲದ ಎಂಜಿನ್ನು ಒಂದೂ ನಿಲ್ಲುವಂತಿರಲಿಲ್ಲ. ಕ್ಯೂ ಎಂದರೆ ಗಾಡಿ ಗ್ಯಾರೇಜಿನಲ್ಲೇ ಮುದಿಯಾಗುತ್ತದೆ ಎಂದೇ ಅರ್ಥ.

ಡಾಕ್ಟರು ಹಾಳೆ ತಿರುಗಿಸಿದರು. "ಹಳೆ ಗಾಡಿಗಳ ಕ್ಲಬ್ಬಿನವ್ರು ಬಂದು ಚಾಸಿ ನಂಬರು ಲಾಗ್ ಬುಕ್ಕಿನ ಜೋಡಿ ತಾಳೆ ನೋಡ್ತಾರ. ನಂಬರು ಕಾರ್ಖಾನಿಯೊಳಗ ಹೊಡದದ್ದೇ ಇರಬೇಕು. ಉಜ್ಜಿ ಮತ್ತ ಹೊಡದಿದ್ರ ಆ ಗುರುತು ನಂಬೂದಿಲ್ಲ. ಕಳವಿನ ಗಾಡಿಗೆ ಹಂಗ ಮಾಡ್ತಾರಂತ."

ಮೇಜಿನ ಕೆಳಗೆ ಮೊಣಕಾಲು ನಿಂತಿತು. ಲೋಟಗಳ ಸದ್ದಡಗಿತು. ಕ್ಲೋಟಿಲ್ಡಾ ಸೌಟು ಹಿಡಿದುಕೊಂಡೇ ತಿರುಗಿ ನೋಡಿದಳು. ಮದುವೆಯಾದ ಮೂವತ್ತು ವರ್ಷದಲ್ಲಿ ಆ ಕಾಲು ಎಚ್ಚರವಿದ್ದಾಗ ನಿಂತದ್ದನ್ನು ಅವಳು ಕಂಡಿರಲಿಲ್ಲ.

ಎರಡು ವರ್ಷದ ಹಿಂದೆ, ಚಾಸಿಯನ್ನು ಬರಿದು ಮಾಡಿ ತುಕ್ಕು ಕೆರೆದಾಗ, ಎಂಜಿನ್ನಿನ ಪಕ್ಕದ ಕಬ್ಬಿಣದ ಮೇಲೆ ಆ ನಂಬರು ಕಂಡಿತ್ತು. ಅರ್ಧ ತಿಂದುಹೋದ, ಒಂದು ಮೇಲೆ ಒಂದು ಕೆಳಗೆ ಬಿದ್ದ ಅಂಕಿಗಳು. ಉಡುಪಿಯಲ್ಲಿ ಅವನು ಹರೆಯದಲ್ಲಿ ದುಡಿದ, ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅಂಥ ನಂಬರು ಕಂಡರೆ ಯಜಮಾನರು ಊಟ ಮಾಡುತ್ತಿರಲಿಲ್ಲ. ಸಾರಿಗೆ ಕಚೇರಿಯವರು ಬಂದು ನಂಬರು ಓದಲಾಗದೆ ಕನ್ನಡಕ ತೆಗೆದು ಹಾಕಿ ಮಾಡುವಂತಾದರೆ ಶೆಡ್ಡಿಗೇ ಅವಮಾನ. ಕಚೇರಿಯಿಂದ ಒಪ್ಪಿಗೆಯ ಕಾಗದ ಬಂತೆಂದರೆ ಹಳೆಯದನ್ನು ಗ್ರೈಂಡರಿನಲ್ಲಿ ಉಜ್ಜಿ, ಅದೇ ನಂಬರನ್ನು ಪಂಚ್ ಎಂಬ ಅಂಕಿಯ ಅಚ್ಚು ಇಟ್ಟು ಹೊಸದಾಗಿ ಹೊಡೆಯುವುದು. ಹೊಡೆದವನಿಗೆ ಒಂದು ಚಹಾ, ಎರಡು ಬನ್ಸ್. ಎಮ್ಯಾನುವೆಲ್ ಅಂದು ಗ್ರೀನ್‌ಫರ್ಡಿನ ಗ್ಯಾರೇಜಿನಲ್ಲಿ ಯಾವ ಕಾಗದವನ್ನೂ ನೆನೆಯದೆ, ಶಿಳ್ಳೆ ಹಾಕುತ್ತ, ಅದನ್ನೇ ಮಾಡಿದ್ದ. ಒಂದು ಅಂಕಿಗೆ ಒಂದು ಪೆಟ್ಟು. ಆಮೇಲೆ ಒಳಗೆ ಬಂದು ತಾನೇ ಚಹಾ ಮಾಡಿಕೊಂಡು ಕುಡಿದಿದ್ದ.

"ನಂಬರ ಏನೂ ಮುಟ್ಟಿಲ್ಲಲ್ಲ ನೀ?" ಎಂದು ಡಾಕ್ಟರು ಕೇಳಿದರು, ಪೆನ್ನಿನ ಮುಚ್ಚಳ ತೆಗೆಯುತ್ತ.

"ಮುಟ್ಟುದಾ! ಎಂತ ಮಾತು ಡಾಕ್ಟ್ರೇ? ಅದರ ಹತ್ತಿರ ನಾನು ಉಸಿರು ಸಹ ಬಿಡ್ಲಿಲ್ಲ. ಒಂದು ನೊಣ ಬಂದು ಕೂತದ್ದಕ್ಕೆ, ನೀನು ಯಾರು, ಕಾಗದ ಉಂಟಾ ಅಂತ ಕೇಳಿ ಓಡಿಸಿದ್ದೇನೆ."

ಡಾಕ್ಟರು ನಕ್ಕರು. ನಕ್ಕು, ಗ್ಯಾರೇಜಿನಲ್ಲಿ ಸಿಕ್ಕಾಗ ಚಾಸಿ ಮತ್ತು ಅದರ ನಂಬರು ಹೇಗಿದ್ದವೋ ಇಂದಿಗೂ ಹಾಗೇ ಇವೆ ಎಂದು ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆದು ಸಹಿ ಹಾಕಿದರು. ಡಾಕ್ಟರ ಕೈಬರಹ ಎಂದರೆ ಕೋಳಿಯ ಕಾಲಿನ ಗುರುತು ಎನ್ನುತ್ತಾರೆ. ಇವರದು ಮಾತ್ರ ಶಾಲೆಯ ಮಕ್ಕಳೂ ಓದುವಂತಿತ್ತು.

ಅವರು ಹೋದ ಮೇಲೆ ಕ್ಲೋಟಿಲ್ಡಾ ಕೊಂಕಣಿಯಲ್ಲಿ ಕೇಳಿದಳು, "ನೊಣದ ಹತ್ತಿರ ಕಾಗದ ಕೇಳಿದವನೇ, ನಿನ್ನ ಕಾಲು ಯಾಕೆ ನಿಂತಿತು?"

"ಮರಗಟ್ಟಿತು."

"ನಾಲಗೆ ಮರಗಟ್ಟಿದ್ದರೆ ಚೆನ್ನಾಗಿತ್ತು."

*

ಕ್ಲಬ್ಬಿನವರು ಜುಲೈ ಕೊನೆಯ ಶನಿವಾರ ಬರುತ್ತೇವೆ ಎಂದು ಬರೆದರು. ಮಧ್ಯದ ಐದು ವಾರ ಎಮ್ಯಾನುವೆಲ್ ದಿನಕ್ಕೆ ನಲವತ್ತು ಸಲ ಗ್ಯಾರೇಜಿಗೆ ಹೋಗಿ ಬಂದ. ಅವನು ನಡೆದ ಕಡೆ ಹಿತ್ತಿಲ ಹುಲ್ಲು ಸತ್ತು ಕಾಲುದಾರಿಯಾಯಿತು. ಇನ್ನೊಂದು ವಾರ ಹೋಗಿದ್ದರೆ ಕೌನ್ಸಿಲಿನವರು ಬಂದು ಅದಕ್ಕೆ ಹೆಸರಿಡುತ್ತಿದ್ದರು. ಗೋದಾಮಿನಲ್ಲಿ ಟೊಮೆಟೊ ಇಡುವಲ್ಲಿ ನಾಯಿ ಬಿಸ್ಕೆಟ್ ಇಟ್ಟ. ಫೋನಿನಲ್ಲಿ ಡಾಕ್ಟರ ಹೆಸರು ಕಂಡರೆ ಫೋನನ್ನು ಮಗುಚಿ ಹಾಕಿದ. ಮೊಂತಿ ಹಬ್ಬದ ವಾಟ್ಸಪ್ ಗುಂಪಿನಲ್ಲಿ ಯಾರೋ, "ಎಮ್ಯಾನುವೆಲ್ ಬಾಬಾ, ಕಾರು ಸ್ಟಾರ್ಟ್ ಆಗುತ್ತದೋ, ನಾವು ಹಗ್ಗ ತರಬೇಕೋ?" ಎಂದು ಕೆಣಕಿದಾಗ ನಾಲ್ಕು ಪುಟದ ಉತ್ತರ ಬರೆದು, ಕಳಿಸದೆ ಅಳಿಸಿದ.

ಆ ನಂಬರನ್ನು ಮುದಿ ಮಾಡಬೇಕೆಂಬ ಯೋಚನೆ ಬಂದದ್ದು ಎರಡನೆಯ ವಾರ. ಮೀನು-ಚಿಪ್ಸ್ ಅಂಗಡಿಯ ವಿನಿಗರಿಗೆ ಉಪ್ಪು ಕದಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ದಿನಕ್ಕೆ ಮೂರು ಹೊತ್ತು ಕಬ್ಬಿಣಕ್ಕೆ ಹಚ್ಚಿದ. ಕ್ಲೋಟಿಲ್ಡಾ ಬಂಗುಡೆಗೆ ಉಪ್ಪು ಹಚ್ಚಲು ಹೋದರೆ ಡಬ್ಬಿ ಖಾಲಿ.

"ಗ್ಯಾರೇಜಿನಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದೀಯಾ?"

"ಬಸವನ ಹುಳಕ್ಕೆ ಹಾಕಿದೆ. ನಮ್ಮ ಹಿತ್ತಿಲಿನ ಬಸವನ ಹುಳ ಬೆಕ್ಕಿನಷ್ಟು ದೊಡ್ಡದು ಗೊತ್ತಾ?"

ತುಕ್ಕು ಬಂತು, ಚೆಂದದ ಜೇನಿನ ಬಣ್ಣದ ತುಕ್ಕು. ಆದರೆ ಕೆಳಗಿನ ಅಂಕಿಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಒಂದೇ ಎತ್ತರ, ಒಂದೇ ಅಂತರ, ಒಂದೇ ಆಳದಲ್ಲಿ ನಿಂತೇ ಇದ್ದವು. ತುಕ್ಕು ಬಂದ ಮೇಲೆ ಇನ್ನೂ ಎದ್ದು ಕಾಣುತ್ತಿದ್ದವು.

ಕ್ಲಬ್ಬಿನವರು ಬರಲು ಮೂರು ದಿನ ಇದ್ದಾಗ ಅವನು ಸುತ್ತಿಗೆ ಹಿಡಿದು ಕೂತ. ನಡುವಿನ ನಾಲ್ಕನ್ನು ಒಂದಿಷ್ಟು ಓರೆ ಮಾಡಿದರೆ, ಕೊನೆಯ ಎಂಟನ್ನು ತುಸು ಜಜ್ಜಿದರೆ, ನೋಡಿದವರಿಗೆ ಕಾರ್ಖಾನೆಯದೇ ಅನಿಸಬಹುದು. ಸುತ್ತಿಗೆ ಎತ್ತಿದ. ಇಳಿಸಿದ. ಎದ್ದು ಬಾಗಿಲವರೆಗೆ ಹೋಗಿ ಬಂದು ಮತ್ತೆ ಎತ್ತಿದ. ಕೈ ಇಳಿಯಲಿಲ್ಲ. ಬಾಯಿಂದ ಬೇಕಾದಷ್ಟು ಸುಳ್ಳು ಉದುರಿಸಬಲ್ಲ ಮನುಷ್ಯನಿಗೆ ಒಂದು ನಾಲ್ಕನ್ನು ಓರೆ ಮಾಡಲಾಗಲಿಲ್ಲ. ಸುತ್ತಿಗೆಯನ್ನು ಮೂಲೆಗೆ ಒಗೆದು, ಪಾದದ ಮೇಲೆ ಬೀಳಿಸಿಕೊಂಡು, ಮೂರು ಭಾಷೆಯಲ್ಲಿ ಬೈದ.

*

ಕ್ಲಬ್ಬಿನಿಂದ ಬಂದವಳ ಹೆಸರು ಜೇನ್. ಎಪ್ಪತ್ತರ ಹತ್ತಿರದ ಇಂಗ್ಲಿಷ್ ಹೆಂಗಸು, ಸಟನ್‌ನಿಂದ ತನ್ನದೇ ಹಳೆಯ ಪುಟ್ಟ ಕಾರು ಓಡಿಸಿಕೊಂಡು ಬಂದಿದ್ದಳು. ಬಿಳಿ ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಬಿಗಿದು, ಮಂಡಿಯೂರಲು ಒಂದು ಸಣ್ಣ ದಿಂಬು, ಭೂತಗನ್ನಡಿ, ಟಾರ್ಚು ತಂದಿದ್ದಳು. ಡಾಕ್ಟರು ಒಂದು ಗಂಟೆ ಮೊದಲೇ ಬಂದು, ಲಾಗ್ ಬುಕ್ಕನ್ನು ಮದುವೆಯ ಪತ್ರಿಕೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಎಮ್ಯಾನುವೆಲ್ ಬಾಗಿಲಿನಿಂದಲೇ ಶುರು ಮಾಡಿದ. ಈ ಎಂಜಿನ್ನಿನ ಸದ್ದಿಗೆ ಮೂರು ಬೀದಿಯಾಚೆ ಹಾಲು ಮೊಸರಾಗುತ್ತದೆ ಎಂದ. ಈ ಚಾಸಿಯ ಮೇಲೆ ಆನೆ ಕುಣಿಸಬಹುದು ಎಂದ. ತಾನು ಇದನ್ನು ಕಟ್ಟುವಾಗ ಅಳತೆಪಟ್ಟಿ ಮುಟ್ಟಿಲ್ಲ, ಎಲ್ಲ ಕಣ್ಣಂದಾಜು ಎಂದ. ಮಾತಾಡುತ್ತ ಅವಳ ಸುತ್ತ ಎಷ್ಟು ಸಲ ತಿರುಗಿದನೆಂದರೆ ಅವಳು ಕೊನೆಗೆ, "ಮಿಸ್ಟರ್ ಮಿನೇಜಸ್, ದಯವಿಟ್ಟು ಒಂದು ಕಡೆ ನಿಲ್ಲಿ. ನನಗೆ ತಲೆ ಸುತ್ತುತ್ತಿದೆ," ಎಂದಳು.

ಅವಳು ಸ್ಟಿಯರಿಂಗ್ ನೋಡಿದಳು, ಬರೆದುಕೊಂಡಳು. ಸಸ್ಪೆನ್ಷನ್ ನೋಡಿ ಬರೆದುಕೊಂಡಳು. ಚಾಸಿಯ ಉದ್ದಕ್ಕೂ ಬೆರಳಾಡಿಸಿ ಎಲ್ಲೂ ಕತ್ತರಿಸಿ ಬೆಸೆದ ಗುರುತಿಲ್ಲ ಎಂದು ತಲೆಯಾಡಿಸಿದಳು. ಡಾಕ್ಟರು ಎಮ್ಯಾನುವೆಲ್ಲನ ಕಡೆ ನೋಡಿ ಮೆಲ್ಲಗೆ, "ಒಂಬತ್ತು," ಎಂದರು. ಆಮೇಲೆ ಅವಳು ದಿಂಬು ಸರಿಸಿ, ಎಂಜಿನ್ನಿನ ಪಕ್ಕಕ್ಕೆ ಟಾರ್ಚು ಬಿಟ್ಟಳು.

ಭೂತಗನ್ನಡಿ ಹಿಡಿದಳು. ಬೆರಳಿಗೆ ಎಂಜಲು ಹಚ್ಚಿ ತುಕ್ಕನ್ನು ಉಜ್ಜಿ, ಮೂಸಿದಳು.

"ವಿನಿಗರ್," ಎಂದಳು.

ಎಮ್ಯಾನುವೆಲ್ ಮೊದಲ ಸಲ ಒಂದು ಕಡೆ ನಿಂತ.

"ಈ ನಂಬರನ್ನು ಹೊಡೆದವರು ಯಾರು?"

"ಕಾರ್ಖಾನೆಯವರು," ಎಂದರು ಡಾಕ್ಟರು. "ನನ್ನ ಗ್ಯಾರೇಜಿನಲ್ಲಿ ಇದ್ದ ಹಾಗೇ ಇದೆ. ನಾನು ಬರೆದುಕೊಟ್ಟಿದ್ದೇನೆ."

ಜೇನ್ ಮಂಡಿ ಹಿಡಿದುಕೊಂಡು ಎದ್ದಳು. "ಡಾಕ್ಟರ್, ನಲವತ್ತು ವರ್ಷದಿಂದ ಇವನ್ನು ನೋಡುತ್ತಿದ್ದೇನೆ. ಕಾರ್ಖಾನೆಯಲ್ಲಿ ಅವಸರದಲ್ಲಿ ಹೊಡೆಯುತ್ತಿದ್ದರು, ಅಂಕಿಗಳು ಕುಡಿದವರ ಹಾಗೆ ವಾಲುತ್ತಿದ್ದವು. ಇದು ಹಾಗಿಲ್ಲ. ಇಷ್ಟು ಸುಂದರವಾಗಿ ಹೊಡೆದ ನಂಬರನ್ನು ನಾನು ಎಲ್ಲೂ ನೋಡಿಲ್ಲ. ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಯಾರೋ ಇದನ್ನೇ ಕಸುಬು ಮಾಡಿಕೊಂಡಿದ್ದವನ ಕೈ ಇದು." ಅವಳು ಪೆನ್ನು ತೆಗೆದಳು. "ಅದಕ್ಕೇ ಇದನ್ನು ಒಪ್ಪಲಾರೆ. ಮೂಲ ನಂಬರನ್ನು ಅಳಿಸಲಾಗಿದೆ ಎಂದೇ ಬರೆಯಬೇಕು. ಗುರುತು ಹೋಯಿತು. ಕ್ಯೂ. ಪೊಲೀಸರೂ ಕೇಳಬಹುದು. ಮತ್ತೆ ನಿಮ್ಮ ಪತ್ರ..."

ಡಾಕ್ಟರ ಕಿವಿಗಳು ಕೆಂಪಾದವು.

ಅವಳಿಗೇ ಅಯ್ಯೋ ಅನಿಸಿರಬೇಕು. "ಮೊದಲಿನ ಮಾಲೀಕ ಮಾಡಿರಬಹುದು, ನಿಮಗೆ ತಿಳಿಯದೆ," ಎಂದಳು. "ತೀರಿಹೋದವರಲ್ಲವೇ? ಹಾಗೆಂದು ನೀವು ತಿದ್ದಿ ಬರೆದುಕೊಟ್ಟರೆ ನಿಮ್ಮ ಮೇಲೆ ಮಾತು ಬರುವುದಿಲ್ಲ."

"ಅದನ್ನು ನಾನು ಬರೆಯಲಾರೆ," ಎಂದರು ಡಾಕ್ಟರು. "ಆ ಮನುಷ್ಯ ಮಾಡಿದ್ದು ನಾನು ನೋಡಿಲ್ಲ. ನನ್ನ ಮನೆಯಲ್ಲಿತ್ತು, ನಾನು ಸರಿಯಾಗಿ ನೋಡದೆ ಸಹಿ ಹಾಕಿದೆ. ತಪ್ಪು ನನ್ನದು ಅಂತ ಬರೆದುಕೊಳ್ಳಿ."

ಎಮ್ಯಾನುವೆಲ್ಲನ ಕಾಲು ತಾನಾಗಿ ಕುಣಿಯತೊಡಗಿತು. ಒಂದು ಕಡೆ ಸತ್ತ ಇಂಗ್ಲಿಷಿನವನೊಬ್ಬ, ಮಾಡದ ತಪ್ಪನ್ನು ಹೊರಲು ಸಿದ್ಧನಾಗಿ ನೆಲದೊಳಗೆ ಮಲಗಿದ್ದ. ಇನ್ನೊಂದು ಕಡೆ ತನ್ನನ್ನು ನಂಬಿದ ಒಬ್ಬರೇ ಒಬ್ಬರು ಲಾಗ್ ಬುಕ್ಕನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಇವೆರಡರ ನಡುವೆ, ಹೇಳಲು ನಾಚಿಕೆಯಾಗುವ ಮೂರನೆಯದೊಂದು ಅವನ ಎದೆಯಲ್ಲಿ ತುರಿಸುತ್ತಿತ್ತು: ಇಷ್ಟು ಸುಂದರವಾದದ್ದನ್ನು ಎಲ್ಲೂ ನೋಡಿಲ್ಲ ಎಂದಳಲ್ಲ! ಇಡೀ ಆಯುಷ್ಯದಲ್ಲಿ ಹೊಗಳಿಕೆಯನ್ನು ಹೊಲಿದು, ಇಸ್ತ್ರಿ ಮಾಡಿ, ತಾನೇ ತೊಟ್ಟುಕೊಂಡವನಿಗೆ ಇಂದು ಅಪ್ಪಟ ಹೊಗಳಿಕೆಯೊಂದು ಪುಕ್ಕಟೆ ಬಂದಿತ್ತು, ಅದೂ ಯಾರೋ ಸತ್ತವನ ವಿಳಾಸಕ್ಕೆ ಹೋಗಲು ಹೊರಟು ನಿಂತಿತ್ತು.

"ನಾನು," ಎಂದ ಅವನು.

ಇಬ್ಬರೂ ತಿರುಗಿದರು. ಅವನಿಗೆ ಮುಂದೆ ಇಂಗ್ಲಿಷ್ ಬರಲಿಲ್ಲ. ಫೋರ್ಕ್‌ಲಿಫ್ಟ್ ತರಬೇತಿಯಲ್ಲಿ ಮ್ಯಾನೇಜರನಿಗೇ ಪಾಠ ಹೇಳಿದ ಇಂಗ್ಲಿಷ್ ಎಲ್ಲಿಗೆ ಹೋಯಿತೋ.

"ಡಾಕ್ಟ್ರೇ, ನೀವೇ ಅವರಿಗೆ ಹೇಳಿ. ನಾನು ಹೊಡೆದದ್ದು ಅದು. ಎರಡು ವರ್ಷ ಆಯ್ತು. ತುಕ್ಕು ತಿಂದಿತ್ತು, ನೋಡ್ಲಿಕ್ಕೆ ಆಗ್ಲಿಲ್ಲ. ಊರಿನಲ್ಲಿ ನಾನಿದ್ದ ಬಸ್ಸಿನ ಶೆಡ್ಡಿನಲ್ಲಿ ಹಾಗೇ ಮಾಡುದು. ಇಲ್ಲಿ ತಪ್ಪು ಅಂತ ಗೊತ್ತಾದದ್ದು ನೀವು ಓದಿದ ದಿನ. ನೀವು ಪೆನ್ನು ತೆಗೆದಾಗ ಹೇಳ್ಬೇಕಿತ್ತು."

ಡಾಕ್ಟರು ಅವನನ್ನೇ ನೋಡುತ್ತ ನಿಂತರು. ಆಮೇಲೆ ಜೇನ್ ಕಡೆ ತಿರುಗಿ ಒಂದೊಂದೇ ವಾಕ್ಯವನ್ನು, ಯಾವುದನ್ನೂ ಬಿಡದೆ, ತಾವೇ ಮೋಸಹೋದ ಆ ಕೊನೆಯ ವಾಕ್ಯವನ್ನೂ ಸೇರಿಸಿ, ಇಂಗ್ಲಿಷಿನಲ್ಲಿ ಹೇಳಿದರು. ಅವರ ದನಿ ಆಪರೇಷನ್ ಮೇಜಿನ ಪಕ್ಕ ಎಣಿಸುವವರ ದನಿಯ ಹಾಗೆ ಸಮವಾಗಿತ್ತು. ಅದು ಎಮ್ಯಾನುವೆಲ್ಲನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

"ಅಳಿಸುವ ಮೊದಲು ಅಲ್ಲಿ ಇದೇ ನಂಬರು ಇತ್ತೆಂಬುದಕ್ಕೆ ಏನಾದರೂ ಇದೆಯೇ?" ಎಂದು ಜೇನ್ ಕೇಳಿದಳು.

ಇತ್ತು. ಊರಿನ ಶೆಡ್ಡಿನಲ್ಲಿ ಪ್ರಿಂಟ್ ತೆಗೆಯದೆ ಹಳೆಯ ನಂಬರಿಗೆ ಗ್ರೈಂಡರ್ ಮುಟ್ಟಿಸುವ ಮಾತೇ ಇರಲಿಲ್ಲ. ತೆಳು ಕಾಗದವನ್ನು ನಂಬರಿನ ಮೇಲಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಹಾಳೆಗೆ ಮೂಡುತ್ತವೆ. ಆ ಹಾಳೆ ಫೈಲಿಗೆ ಹೋಗಬೇಕು. ಎಮ್ಯಾನುವೆಲ್ ಪಂಚುಗಳ ಡಬ್ಬಿ ತೆರೆದು, ತಳದಿಂದ ಮಡಚಿದ ಕಾಗದ ತೆಗೆದುಕೊಟ್ಟ. ಇಷ್ಟು ದಿನ ಅದನ್ನು ಹೊರಗೆ ತೆಗೆದರೆ ತಾನು ಮುಟ್ಟಿದ್ದು ಗೊತ್ತಾಗುತ್ತದೆಂದು ಬಚ್ಚಿಟ್ಟಿದ್ದ. ಬೂದು ಬಣ್ಣದ ಉಜ್ಜಿನಲ್ಲಿ ಹಳೆಯ ಅಂಕಿಗಳು ವಾಲಾಡುತ್ತ, ಅರ್ಧರ್ಧ, ಆದರೆ ಎಲ್ಲವೂ ಇದ್ದವು. ಕೆಳಗೆ ತಾರೀಖು ಇತ್ತು.

ಜೇನ್ ಅದನ್ನು ಲಾಗ್ ಬುಕ್ಕಿನ ಪಕ್ಕ ಬಾನೆಟ್ಟಿಲ್ಲದ ಕಾರಿನ ಅಂಚಿಗೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದೇ ಅಂಕಿ ತಾಳೆ ನೋಡಿದಳು. ಮತ್ತೊಮ್ಮೆ ಮೊದಲಿನಿಂದ ನೋಡಿದಳು.

"ಅಳಿಸಿದವರು ಯಾರೂ ಇಂಥದ್ದನ್ನು ಇಟ್ಟುಕೊಂಡಿದ್ದನ್ನು ನೋಡಿಲ್ಲ," ಎಂದಳು. "ನಡೆದದ್ದನ್ನು ನಡೆದ ಹಾಗೆ ಬರೆದು, ಇದನ್ನು ಜೊತೆಗೆ ಕಳಿಸುತ್ತೇನೆ. ಒಪ್ಪುವುದು ಬಿಡುವುದು ಕಚೇರಿಗೆ ಬಿಟ್ಟದ್ದು. ಮಾತು ಕೊಡಲಾರೆ. ಡಾಕ್ಟರ್, ನೀವು ಹೊಸ ಪತ್ರ ಬರೆಯಬೇಕು. ಮಿಸ್ಟರ್ ಮಿನೇಜಸ್, ನಿಮ್ಮ ಹೇಳಿಕೆಯೂ ಬೇಕು. ಇದರಲ್ಲಿ ಒಂದು ತಪ್ಪು ಮಾತು ಸಿಕ್ಕಿದರೂ ಉಳಿದದ್ದನ್ನು ಅವರು ನಂಬುವುದಿಲ್ಲ." ಅವಳು ಹಲಗೆಯ ಮೇಲೆ ಹೊಸ ಹಾಳೆ ಇಟ್ಟಳು. "ಆ ಶೆಡ್ಡಿನಲ್ಲಿ ನಿಮ್ಮ ಕೆಲಸ ಏನಾಗಿತ್ತು? ಈ ಗಾಡಿಯನ್ನು ಕಟ್ಟಿದವರು ಯಾರು?"

"ಅವನು ಅಲ್ಲಿ ಮುಖ್ಯ ಮೆಕ್ಯಾನಿಕ್ ಆಗಿದ್ದ," ಎಂದು ಡಾಕ್ಟರೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಮುಖ ಬಿಗಿದೇ ಇತ್ತು. ಆದರೂ ಅಷ್ಟನ್ನು ಅವರು ಅನುಮಾನವಿಲ್ಲದೆ ಹೇಳಿದರು. "ಗಾಡಿಯನ್ನು ಪೂರ್ತಿ ಇವನೇ ಕಟ್ಟಿದ."

ಜೇನ್ ಬರೆಯಲು ಬಾಗಿದಳು. ಕ್ಲೋಟಿಲ್ಡಾ ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳು ಗಂಡನ ಕಾಲಿನ ಕಡೆಗಷ್ಟೇ ನೋಡಿದಳು.

"ಬರೀಬೇಡಿ ಅಂತ ಹೇಳಿ ಡಾಕ್ಟ್ರೇ," ಎಂದ ಎಮ್ಯಾನುವೆಲ್.

"ಯಾಕಪಾ? ಖರೆ ಹೇಳಲಿಕ್ಕತ್ತೀನಿ."

"ಅಲ್ಲ. ನಾನು ಮೆಕ್ಯಾನಿಕ್ ಅಲ್ಲ. ಯಾವತ್ತೂ ಆಗಿರ್ಲಿಲ್ಲ." ಅವನು ಕೈಯಲ್ಲಿದ್ದ ಪಂಚುಗಳ ಡಬ್ಬಿಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸಿದ. "ಶೆಡ್ಡಿನಲ್ಲಿ ನಾನು ನಂಬರ್ ಹೊಡೆಯುವವ. ನಾಲ್ಕು ವರ್ಷ ಅದೊಂದೇ ಕೆಲಸ. ಎಂಜಿನ್ನಿನ ಹತ್ತಿರ ಹೋದರೆ ಯಜಮಾನರು ಬೈತಿದ್ರು, ಒಂದು ಸಲ ನಾನು ಬಿಚ್ಚಿದ್ದನ್ನು ಜೋಡಿಸ್ಲಿಕ್ಕೆ ಮೂರು ಜನ ಎರಡು ದಿನ ಕೂತಿದ್ದಾರೆ. ಈ ಗಾಡಿಯ ಎಂಜಿನ್ನು, ಬ್ರೇಕು, ವಯರಿಂಗು ಎಲ್ಲ ಓಸ್ವಿನ್ ಮಾಡಿದ್ದು. ಅವನ ಹೆಸರೇ ಬರೀಲಿ. ಬಣ್ಣ ಮಾತ್ರ ನಾನು. ಅದೂ ಎಡಗಡೆ ಇಳಿದಿದೆ, ನೋಡಿ."

ಡಾಕ್ಟರು ಎಡಗಡೆ ನೋಡಲಿಲ್ಲ. ಅವನ ಕೈಗಳನ್ನು ನೋಡಿದರು, ನಾಲ್ಕೈದು ವರ್ಷದ ಹಿಂದೆ ದೀಪಾವಳಿ ಊಟದಲ್ಲಿ ತಟ್ಟೆ ಹಿಡಿದಾಗ ನೋಡಿದ ಹಾಗಲ್ಲ, ರೋಗಿಯ ಕೈ ನೋಡುವ ಹಾಗೆ.

"ಹಂಗಾರ ನಿನಗ ಬರೂದರ ಏನೋ ಮಾರಾಯಾ?"

"ನಂಬರು ನೆಟ್ಟಗೆ ಹೊಡೀಲಿಕ್ಕೆ ಬರ್ತದೆ ಡಾಕ್ಟ್ರೇ," ಎಂದ ಅವನು. "ಬೇರೆ ಎಂತದೂ ಬರುದಿಲ್ಲ."